ಭರಣಿಯ ಬೂದಿಗೆ ಬಂದ ಬಹುಮಾನ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ವೇದಿಕೆ ಸಿಗದ ಗಣ್ಯರೇ, ಮತ್ತು ಕುರ್ಚಿ ಸಿಕ್ಕ ಸಂತೋಷದಲ್ಲಿರುವ ಸಭಿಕರೇ,

ಈ ಚಾರಿತ್ರಿಕ ಗಳಿಗೆಯಲ್ಲಿ ಒಂದು ಮಹತ್ವದ ಘೋಷಣೆ ಮಾಡಲು ಅಪ್ಪಣೆ ಬೇಡುತ್ತೇನೆ: ನಾನು ತೊಟ್ಟಿರುವ ಈ ಬೂದು ಅಂಗಿ ಮೂಲತಃ ಬಿಳಿಯದು.

ಹತ್ತೊಂಬತ್ತು ವರ್ಷ ಇಟ್ಟಿಗೆ ಕಾರ್ಖಾನೆಯಲ್ಲಿ ಬೂದಿ ಪರೀಕ್ಷಿಸಿದವನ ಅಂಗಿ ಇನ್ನು ಹೇಗಿದ್ದೀತು? ವಿದ್ಯುತ್ ಸ್ಥಾವರ ಬೇಡವೆಂದು ಬಿಸಾಡಿದ ಬೂದಿ ನಮ್ಮಲ್ಲಿಗೆ ಬಂದು, ಸುಣ್ಣ ಸೇರಿ, ನೀರು ಕುಡಿದು, ಗೋಡೆಯಾಗಿ ನಿಲ್ಲುತ್ತದೆ. ನಮ್ಮ ಮಾವನವರು ಮಾತ್ರ ನೆಂಟರ ಮುಂದೆ ಬೂದಿಯ ಮಾತೇ ಎತ್ತುತ್ತಿರಲಿಲ್ಲ. "ಅಳಿಯಂದಿರು ಖನಿಜದ ಲೈನಲ್ಲಿದಾರೆ" ಅನ್ನುತ್ತಿದ್ದರು. ಎರಡನೇ ಸಾಲಿನಲ್ಲಿದ್ದಾರೆ. ಮಾವ, ಕೈ ಎತ್ತಬೇಡಿ, ಎಲ್ಲರಿಗೂ ಗೊತ್ತಾಯಿತು.

ಬೂದಿಯನ್ನು ಚೆನ್ನಾಗಿ ಪರೀಕ್ಷಿಸಿದ್ದಕ್ಕೆಂದು ಇಂದು ಈ ಫಲಕ ಕೊಟ್ಟಿದ್ದೀರಿ. ಹೊರಗೆ ಆರು ಲಾರಿಗಳು ಶಾಲೆಯೊಂದರ ಗೋಡೆಗೆ ಇಟ್ಟಿಗೆ ತುಂಬಿಕೊಂಡು ನಿಂತಿವೆ. ಸಭೆ ಮುಗಿದ ಕೂಡಲೇ ಹೊರಡುತ್ತವೆ. ಆ ಇಟ್ಟಿಗೆಯ ಬೂದಿ ಯೋಗ್ಯವೆಂದು ಸಹಿ ಹಾಕಿದವನು ನಾನು. ಆ ಸಹಿಯ ಬಗ್ಗೆಯೇ ಈಗ ಮಾತಾಡಬೇಕಾಗಿದೆ. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ನೋಡಲಿ.

ಒಂದು ಚಮಚ ಬೂದಿಯನ್ನು ಕುಲುಮೆಯಲ್ಲಿ ಕಾಯಿಸಿ ಮತ್ತೆ ತೂಗಬೇಕು. ತೂಕ ಬಹಳ ಇಳಿದರೆ ಒಳಗೆ ಸುಡದ ಕಲ್ಲಿದ್ದಲು ಉಳಿದಿದೆ ಎಂದರ್ಥ, ಇಟ್ಟಿಗೆ ಬಿಗಿಯುವುದಿಲ್ಲ. ಇಷ್ಟೇ ನನ್ನ ವಿದ್ಯೆ. ಈ ಲಾರಿಗಳ ಇಟ್ಟಿಗೆಗೆ ಬೂದಿ ಪರೀಕ್ಷಿಸಬೇಕಿದ್ದ ದಿನ ನನಗೆ ಮಂಡಿನೋವು. ಬೂದಿಯ ರಾಶಿ ಕಾರ್ಖಾನೆಯ ಆ ತುದಿಯಲ್ಲಿ. ಅತಿಥಿಗಳಿಗೆ ತೋರಿಸಲೆಂದು ಆಫೀಸಿನ ಗಾಜಿನ ಭರಣಿಯಲ್ಲಿಟ್ಟ ಬೂದಿ ಎರಡೇ ಹೆಜ್ಜೆ. ಜರಡಿ ಹಿಡಿದ, ಹಾಲಿನ ಪುಡಿಯಂಥ ಬೂದಿ! ಅದರಿಂದಲೇ ಒಂದು ಚಮಚ ತೆಗೆದೆ. ತೂಕ ಇಳಿದೀತೇ? ಇಳಿಯಲಿಲ್ಲ. ಭರಣಿ ಪಾಸಾಯಿತು, ರಾಶಿಗೆ ಪ್ರಮಾಣಪತ್ರ ಸಿಕ್ಕಿತು, ನನಗೆ ಫಲಕ.

ಇಂದು ಬೆಳಿಗ್ಗೆ ನನ್ನ ಸಹಾಯಕಿ ಒಂದು ಬಕೆಟ್ ತಂದು ಮೇಜಿನ ಮೇಲಿಟ್ಟಳು. "ಲಾರಿಗೆ ತುಂಬಿದ್ರಲ್ಲ ಸರ್, ಅದೇ ಇಟ್ಟಿಗೆ. ನಿನ್ನೆಯಿಂದ ನೆನೆಸಿದ್ದೆ. ಮುಟ್ಟಿ ನೋಡಿ."

ಮುಟ್ಟಿದೆ. ಮೂಲೆ ನೆನೆದ ಬಿಸ್ಕತ್ತಿನಂತೆ ಬೆರಳಿಗೆ ಬಂತು.

"ನಾಳೆ ನೋಡೋಣಮ್ಮ. ಇವತ್ತು ಸನ್ಮಾನ."

"ನಾಳೆ ಅದು ಗೋಡೆ ಆಗಿರುತ್ತೆ, ಸರ್."

ಯಾರಿಗೂ ಹೇಳಬೇಡವೆಂದು ಅವಳ ಬಾಯಿ ಮುಚ್ಚಿಸಿದವನು ನಾನೇ, ಸಭಿಕರೇ. ಏಕೆ? ನನ್ನ ಹೆಂಡತಿ ನೆಂಟರನ್ನೆಲ್ಲ ಕರೆದಾಗಿತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಮಾವ, ಬಾಗಿಲಲ್ಲೇ ನಿಂತು, "ನಮ್ಮ ಅಳಿಯ ಬೂದಿ ನೋಡಿ ಗೋಡೆ ನಿಲ್ಲುತ್ತೋ ಇಲ್ವೋ ಹೇಳೋನು" ಎಂದು ಬಾಯ್ತುಂಬ ಹೇಳುತ್ತಿದ್ದರು. ಮಾವ, ಕ್ಷಮಿಸಿ. ನಾನು ಭರಣಿ ನೋಡಿ ಹೇಳಿದ್ದೆ.

ಅಧ್ಯಕ್ಷರೇ, ಮೈಕಿಗೆ ಕೈ ಚಾಚಬೇಡಿ, ಮುಗಿಸುತ್ತಿದ್ದೇನೆ. ಮುಗಿಸುವುದಕ್ಕೇ ನನಗೆ ಭಯ. ಚಾಲಕರಿಗೆ ತಾವೇ ಅಪ್ಪಣೆ ಕೊಟ್ಟಿದ್ದೀರಿ: "ಒಳಗೆ ಚಪ್ಪಾಳೆ ಕೇಳಿದ್ ಕೂಡ್ಲೇ ಹೊರಡ್ರಪ್ಪ." ಕಿಟಕಿ ತೆರೆದಿದೆ. ಮೊದಲ ಲಾರಿಯ ಇಂಜಿನ್ ಆಗಲೇ ಗುರುಗುಡುತ್ತಿದೆ.

ಇಷ್ಟು ಹೊತ್ತು ನನ್ನನ್ನು ತಾಳಿಕೊಂಡ ತಮಗೆಲ್ಲ ಕೃತಜ್ಞತೆ, ನಮಸ್ಕಾರ. ಒಂದೇ ಒಂದು ಸಣ್ಣ ಉಪಕಾರವಾಗಬೇಕು: ದಯವಿಟ್ಟು ಯಾರೂ ಚಪ್ಪಾಳೆ ತಟ್ಟಬೇಡಿ.