ಮೂರರ ಭೊಂಗಾ

…ಅದಕ್ಕ ಅಂತೇನಿ ಸುಮಿತಾ, ನಿಮ್ಮಣ್ಣ ಸತ್ತು ಒಂದು ತಾಸಾದ ಮ್ಯಾಲ ಹೆಂಡ್ತಿಗೆ ಫೋನ್ ಮಾಡಿದ! ತಲಿ ಯಾಕ ಅಲ್ಲಾಡಸ್ತಿ? ಈ ಗುರುಸಿದ್ದವ್ವ ಸುಳ್ಳು ಹೇಳತಾಳೇನು? ತಾ ಹೊಡೀತಿದ್ದ ಲಾರಿ ಉರುಳಿ ಸಂಜೀವ ಎರಡಕ್ಕ ಹೋದ ಅಂತ ಮಸ್ಕತ್ತಿನವರ ಹೇಳ್ಯಾರ. ಇಲ್ಲೆ ಫೋನ್ ಬಂದಿದ್ದು ಮೂರಕ್ಕ. ಮಿಲ್ಲಿನ ಭೊಂಗಾ ಕೂಗಾಕಹತ್ತಿತ್ತು, ಈ ಕಿವಿಲೇ ಕೇಳೇನಿ. ಭೊಂಗಾ ಮೂರು ಅಂದ್ರ ಲೋಕಕ್ಕೆಲ್ಲಾ ಮೂರು!

ನಿಮ್ಮ ವೈನಿ ಫೋನ್ ನನ್ನ ಕಡೆ ಯಾಕಿತ್ತು? ನಿಮ್ಮನ್ಯಾಗ ಕರೆಂಟ್ ಇರಲಿಲ್ಲಲ್ಲ, ಚಾರ್ಜಿಗೆ ಹಚ್ಚಿ ಹೋಗಿದ್ಲು ವಿದ್ಯಾವತಿ. ಎಲ್ಲಿಗೆ ಅಂತ ನಾ ಹೇಳಂಗಿಲ್ಲವ್ವ… ಮೌಳಂಗಿಗೆ, ಹೊಳಿ ದಂಡಿಗೆ. ಶೇಖಪ್ಪನ ಗಾಡಿ ಮ್ಯಾಲ. ಹಸರ ಸೀರಿ ಬ್ಯಾರೆ! ಏನು? ಸ್ಕೂಟಿ ಕಲಿಯಾಕ ಹೋಗಿದ್ಲಾ? ಸೀರಿ ಉಟ್ಕೊಂಡಾ? ಇರ್ಲಿ ಬಿಡು, ಮಂದಿ ಸುದ್ದಿ ನನಗ್ಯಾಕ.

ನಾ ಫೋನ್ ಎತ್ತಲಿಲ್ಲವ್ವ. ಸತ್ತಾಂವನ ಫೋನ್ ಯಾರು ಎತ್ತತಾರ!

ಏನಂದಿ? ಅಲ್ಲೆ ಎರಡು ಆದಾಗ ಇಲ್ಲೆ ಮೂರೂವರಿ? ಹುಚ್ಚಿ! ಸೂರ್ಯ ಇಬ್ಬರು ಅದಾರೇನು? ಹಾಂ, ನಿನ್ನ ಕೆಲಸಾನ ಅದಲ್ಲ, ಯಾವ ದೇಶದಾಗ ಎಷ್ಟು ತಾಸು ಅಂತ ಕಂಪ್ಯೂಟರಿಗೆ ಕಲಸೂದು… ಖರೇನ? ಹಂಗಾದ್ರ ಫೋನ್ ಬಂದಾಗ ಅಂವ… ಜೀವಂತ ಇದ್ದ? ಇನ್ನೂ ಅರ್ಧ ತಾಸು?

ಬ್ಯಾಡ. ಹಂಗ ಅನಬ್ಯಾಡ. ದೆವ್ವಾನ ಇರ್ಲಿ. ನಿನಗೇನ ಗೊತ್ತು, ದಿನಾ ಭೊಂಗಾ ಕೂಗಿದ ಕೂಡ್ಲೆ ನನ್ನ ಕಿವಿ ಹತ್ರ ಬರ್ತಾನ. ಮಾತಿಲ್ಲ, ಕತಿಲ್ಲ. ಬರೇ ಉಸರ ಬಿಡತಾನ. ಹಿಂದ ಲಾರಿ ಗುರ್ರ್ ಅಂತಿರತೈತಿ, ಅವತ್ತಿನಂಗ…

ಏನ್ ನೋಡ್ತಿ?

ಯಾಕ ಹಂಗ ನೋಡ್ತಿ ಸುಮಿತಾ? ಫೋನ್ ಎತ್ತದ, ಲಾರಿ ಸಪ್ಪಳ ಹೆಂಗ ಕೇಳ್ತು ಅಂತನ? …ಎತ್ತಿದ್ದೆವ್ವ.

ವಿದ್ಯಾ ಎಲ್ಲಿ ಅಂದ. ಅಂವ ಕೇಳಿದ್ದಷ್ಟ. ಮೌಳಂಗಿ ಅಂದೆ. ಯಾರ ಜೋಡಿ ಅಂತ ಅಂವ ಕೇಳಲಿಲ್ಲ… ನಾನ ಅಂದೆ, ಶೇಖಪ್ಪ ಅಂತ. ಹಸರ ಸೀರಿದೂ ಅಂದೆ. ನಕ್ಕೊಂತ ಅಂದೆವ್ವ, ಚ್ಯಾಷ್ಟಿಗೆ…

ತಂಗೀ, ನೀನ ಹೇಳಿದ್ದಿಲ್ಲೇನು, ಭೂಮಿ ತಿರಗೂದು ತಡಾ ಆದ್ರ ಗಡಿಯಾರದಾಗ ಒಂದು ಸೆಕೆಂಡು ತುರಕತಾರ ಅಂತ? ಯಾರಿಗೂ ತಿಳಿಯಂಗಿಲ್ಲ ಅಂತಿದ್ದಿ. ಇದರಾಗೂ ಒಂದೀಟು ತುರುಕು. ಅರ್ಧ ತಾಸು, ಅಷ್ಟ. ಅಂವ ಮೊದಲ ಸತ್ತಿರ್ಲಿ, ನನ್ನವ್ವಾ. ಆಮ್ಯಾಲ ಫೋನ್ ಮಾಡಿರ್ಲಿ.