ಮಾತಾಡುವ ಮಿಷನ್ನಿಗೆ ಇಟ್ಟ ಕುಂಕುಮ

“ಹಲೋ… ಯಾರು ಮಾತಾಡ್ತಿರೋದು? ಕದಿರೇಶಣ್ಣನಾ? … ಹಾಂ, ಅಣ್ಣಾ, ನಾನು ಗಂಗಾಲಕ್ಷ್ಮಿ. ಮುಳಬಾಗಿಲಿಂದ, ಸೊಸೈಟಿ ಆಫೀಸಿಂದ. ನೀವೇ ಬಂದು ಕಂಪ್ಯೂಟರ್ ಕೂರಿಸಿಕೊಟ್ಟಿದ್ರಲ್ಲ… ಹಾಂ, ಕಣ್ಣು ಕಾಣ್ದೋಳು. ಅವಳೇ.”

ಹಾಗೆ ಗುರುತು ಹೇಳಿಕೊಳ್ಳುವುದು ಗಂಗಾಲಕ್ಷ್ಮಿಗೆ ಎಂದೂ ಹಿಡಿಸಿದ್ದಲ್ಲ. ಈವತ್ತು ಮಾತ್ರ ಹೇಗಾದರೂ ಗುರುತು ಹತ್ತಿದರೆ ಸಾಕಾಗಿತ್ತು.

“… ಮಾತಾಡ್ತಿಲ್ಲ ಅಣ್ಣ. ಪರದೆ ಮೇಲಿರೋದನ್ನ ಓದಿ ಹೇಳ್ತಿತ್ತಲ್ಲ, ಬೆಳಿಗ್ಗೆಯಿಂದ ಅದರ ಉಸಿರೇ ಇಲ್ಲ. … ಆನ್ ಆಗಿದೆ, ಫ್ಯಾನ್ ತಿರುಗೋದು ಕೇಳಿಸ್ತಿದೆ. ಸ್ಪೀಕರ್ ದೀಪಾನೂ ಉರೀತಿದೆಯಂತೆ. … ತಿರುಗಿಸಿದೀನಿ ಅಣ್ಣ, ವಾಲ್ಯೂಮ್ ಇನ್ನು ತಿರುಗಲ್ಲ.”

“… ಸಾಯಂಕಾಲವಾ? ಸಾಯಂಕಾಲ ಬಂದು ಏನ್ ಮಾಡ್ತೀರಿ? ಕೋಲಾರದ ಹೆಡ್ಡಾಫೀಸಿಂದ ಚನ್ನರಾಯಪ್ಪ ಸಾಹೇಬ್ರು ಈಗಲೇ ಬರ್ತಿದ್ದಾರೆ. ಎದುರಿಗೆ ಕೂತ್ಕೊಂಡು ನನ್ನ ಕೈಲಿ ಟೈಪ್ ಮಾಡಿಸಿ ನೋಡ್ತಾರಂತೆ. ಆಗ್ಲಿಲ್ಲ ಅಂದ್ರೆ ಮತ್ತೆ ಫೋನ್ ಎತ್ತೋ ಕೆಲಸಕ್ಕೇ ಹಾಕ್ತಾರೆ. ಇಷ್ಟು ವರ್ಷ ಅದನ್ನೇ ಮಾಡಿದೀನಿ ಅಣ್ಣ. ಸಾಕಾಗಿದೆ.”

ಆಯುಧಪೂಜೆಯ ರಜೆ ಕಳೆದು ಆಫೀಸು ತೆರೆದ ಮೊದಲ ದಿನವದು. ಮಿಷನ್ನು ಮಾತಾಡಿದರೆ ಅವಳು ಗುಮಾಸ್ತೆ, ಮಾತು ನಿಲ್ಲಿಸಿದರೆ ಅದೊಂದು ತಗಡಿನ ಡಬ್ಬ. ಒಳಕೋಣೆಯಿಂದ ಮ್ಯಾನೇಜರ್ ವೆಂಕಟರಮಣ ಲೈನು ತಮಗೆ ಬೇಕೆಂದು ಆಗಲೇ ಒಂದು ಸಲ ಕೂಗಿದ್ದರು. ಅವಳು ಕೇಳಿಸದವಳಂತೆ ಇದ್ದಳು.

“… ಹಾಂ? ವೈರ್ ಯಾರಾದ್ರೂ ಮುಟ್ಟಿದ್ರಾ ಅಂತಾನಾ? … ಆವಲಪ್ಪನೋರೆ, ಹಬ್ಬದ ದಿನ ವೈರ್ ಬಿಚ್ಚಿದ್ರಾ? … ಬಿಚ್ಚಿದ್ರಂತೆ ಅಣ್ಣ. ಎಲ್ಲಾ ಬಿಚ್ಚಿ, ಒರೆಸಿ, ಪೂಜೆ ಮಾಡಿ, ತಿರುಗಾ ಸಿಕ್ಕಿಸಿದ್ರಂತೆ.”

“… ಸ್ಪೀಕರ್ ಪಿನ್ನು ಹಸಿರು ತೂತಲ್ಲಿರಬೇಕಾ? ನಂಗೆ ಹಸಿರು ಅಂದ್ರೆ ಏನಣ್ಣ ಗೊತ್ತಾಗತ್ತೆ? ತಾಳಿ. ಆವಲಪ್ಪನೋರೆ, ಇಕ್ಕಡ ಚೂಡಂಡಿ, ಇಲ್ಲಿ ನೋಡಿ, ಹಿಂದುಗಡೆ ಹಸಿರು ತೂತು ಯಾವುದು? … ಅಣ್ಣ, ಎಲ್ಲಾ ಕೆಂಪಗಿದೆಯಂತೆ. … ಕೆಂಪೇ ಅಣ್ಣ. ಒಂದೊಂದು ತೂತಿಗೂ ಕುಂಕುಮ ಇಟ್ಟಿದ್ದಾರೆ.”

ಆವಲಪ್ಪ ಆಫೀಸಿನ ಹಳೇ ಜವಾನರು. ಬೀರು, ತಕ್ಕಡಿ, ಟೈಪ್‌ರೈಟರಿಗೆಲ್ಲ ಒಂದೊಂದು ಬೊಟ್ಟಿಟ್ಟು ಮುಗಿಸಿದವರು ಗಂಗಾಲಕ್ಷ್ಮಿಯ ಕಂಪ್ಯೂಟರಿಗೆ ಮಾತ್ರ ಕೈತುಂಬಾ ಬಳಿದಿದ್ದರು. ಮಾತಾಡುವ ಮಿಷನ್ನು, ಅದರ ಬಾಯಿಗೆ ಇಡದಿದ್ದರೆ ಹೇಗೆ ಎಂದು ಅವರ ವಾದ. ಬಾಯಿ ಯಾವುದೆಂದು ತಿಳಿಯದ್ದರಿಂದ ಒಂದನ್ನೂ ಬಿಟ್ಟಿರಲಿಲ್ಲ. ಈಗ ಪಕ್ಕದಲ್ಲಿ ನಿಂತು ಮೂಗೊರೆಸಿಕೊಳ್ಳುತ್ತಿದ್ದರು. ಅವರನ್ನು ಬೈಯಲು ಅವಳಿಗೆ ಮನಸ್ಸು ಬರಲಿಲ್ಲ, ಅಳು ಮಾತ್ರ ಬರುತ್ತಿತ್ತು.

“… ಬಣ್ಣ ಬಿಡಿ ಅಣ್ಣ. ಕೈಗೆ ಹೇಗೆ ಸಿಗತ್ತೆ, ಅದನ್ನ ಹೇಳಿ. … ಹಾಂ, ಬಗ್ಗಿದೀನಿ. … ಮೇಲುಗಡೆ ಮೂರಿದೆ, ಪ್ಲಾಸ್ಟಿಕ್ಕು. ಸ್ಪೀಕರ್ ಪಿನ್ನು ಅಲ್ಲೇ ಇದೆ. … ಅದು ಸತ್ತಿರೋದಾ? ಹಾಂ ಹಾಂ, ಸಿಡಿಲು ಬಡಿದಾಗ ಹೋಯ್ತು, ಅದಕ್ಕೇ ನೀವು ಬೇರೆ ಸೌಂಡ್ ಕಾರ್ಡ್ ಹಾಕಿದ್ರಿ, ಅಲ್ವಾ? … ಕೆಳಗೆ… ಇನ್ನೂ ಕೆಳಗೆ… ತಗಡಿನ ಪಟ್ಟಿ, ತುದೀಲಿ ಸ್ಕ್ರೂ. ಸಿಕ್ತು. ಇಲ್ಲೂ ಮೂರಿದೆ. … ನಡುವಿಂದಾ? ನಡುವಿಂದೇ ಅಲ್ವಾ? … ಹಾಕ್ದೆ.”

“… ಗುಂಡಿ ಒತ್ತಿದೆ ಅಣ್ಣ. ಕರಕರ ಅಂತಿದೆ, ಮಾತಿಲ್ಲ. … ಒಳಗೂ ಕುಂಕುಮ ಹೋಗಿರಬೇಕು. … ಇಲ್ಲ, ನೀರು ಹಾಕಲ್ಲ. ಹತ್ತೀಲಿ ಒರೆಸಲಾ? … ಆವಲಪ್ಪನೋರೆ, ಹಬ್ಬದ ಬತ್ತಿ ಮಿಕ್ಕಿದ್ಯಾ? ಎಣ್ಣೆ ಮುಟ್ಟದೇ ಇರೋದು?”

ಬತ್ತಿ ಸಿಕ್ಕಿತು. ಅದನ್ನು ಬೆರಳಲ್ಲಿ ಹೊಸೆದು ತೂತಿನೊಳಗೆ ತಿರುಗಿಸುತ್ತಿದ್ದಾಗ ಹೊರಗೆ ಜೀಪು ನಿಂತ ಸದ್ದಾಯಿತು. ಗಂಗಾಲಕ್ಷ್ಮಿ ಭುಜದಿಂದ ಜಾರಿದ ರಿಸೀವರನ್ನು ಗದ್ದದಲ್ಲಿ ಒತ್ತಿ ಹಿಡಿದಳು.

“… ಇಡಬೇಡಿ ಅಣ್ಣ. ಬಂದೇಬಿಟ್ರು. ಏನೂ ಹೇಳಬೇಡಿ, ಸುಮ್ನೆ ಲೈನಲ್ಲಿ ಇರಿ, ಅಷ್ಟು ಸಾಕು. … ಇನ್ನೊಂದ್ಸಲ ಹಾಕ್ತೀನಿ. … ಅಣ್ಣ. … ಅಣ್ಣ, ಕೇಳಿಸ್ತಾ? ದನಿ ಗೊಗ್ಗರಾಗಿದೆ, ಒಂದೇ ಸ್ಪೀಕರಲ್ಲಿ ಬರ್ತಿದೆ, ಆದ್ರೆ ಅದೇ ಅಣ್ಣ, ಅದೇ. … ನಡುವೆ ನಿಂತುಹೋದ್ರೆ ಏನ್ ಮಾಡ್ಲಿ? … ಹಲೋ? … ಕದಿರೇಶಣ್ಣ? … ಹಲೋ?”

ಒಳಕೋಣೆಯಲ್ಲಿ ವೆಂಕಟರಮಣ ಲೈನನ್ನು ತಮ್ಮ ಕಡೆಗೆ ತಿರುಗಿಸಿಕೊಂಡಿದ್ದರು. ಬೂಟಿನ ಸದ್ದು ಅವಳ ಮೇಜಿನ ಹತ್ತಿರ ಬಂದು ನಿಂತಿತು. ಗಂಗಾಲಕ್ಷ್ಮಿ ರಿಸೀವರ್ ಇಟ್ಟು, ಕುಂಕುಮದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು ಕೀಬೋರ್ಡಿನ ಮೇಲಿಟ್ಟಳು.

“ಕೂತ್ಕೊಳಿ ಸಾರ್. ಹೇಳಿ, ಏನು ಟೈಪ್ ಮಾಡ್ಲಿ?”