ಶಾಲೆಯ ಹೊಲಕ್ಕೆ ಮೂರು ವರ್ಷ

ಇಂದಿನ ವಾರ್ಷಿಕೋತ್ಸವದ ಅಧ್ಯಕ್ಷರೂ, ಶಾಲಾ ಆಡಳಿತ ಮಂಡಳಿಯ ಹಿರಿಯರೂ, ನನ್ನ ಭಾವನವರೂ ಆದ ಶ್ರೀ ಕಾಶಪ್ಪನವರೇ, ಮುಖ್ಯೋಪಾಧ್ಯಾಯರಾದ ಸತ್ಯಬೋಧ ಸರ್ ಅವರೇ, ಗುಡೂರಿನ ತಾಯಂದಿರೇ, ಶೈಲಾ ಅಕ್ಕನ ಮಾತು ಬೇಗ ಮುಗಿಯಲೆಂದು ಬೇಡಿಕೊಳ್ಳುತ್ತಿರುವ ಮಕ್ಕಳೇ, ಸಭಿಕರೇ,

ಹರಾಜಿನಲ್ಲಿ ನಾನು ಹಿಡಿದ ಶಾಲೆಯ ಹೊಲದಲ್ಲಿ ಈ ಸಲ ಜೋಳ ಚೆನ್ನಾಗಿ ಬಂತೆಂದು ನನಗೆ ಶಾಲು ಹೊದಿಸಿದಿರಿ. ಈ ಬಿಸಿಲಿಗೆ ಶಾಲು ಹೊದ್ದವಳು ಊರಿನಲ್ಲಿ ನಾನೊಬ್ಬಳೇ ಇರಬೇಕು. ಆದರೆ ಸನ್ಮಾನ ಆಗಬೇಕಾದದ್ದು ಮುಂಗಾರಿನಲ್ಲಿ ಬಿತ್ತಿದ್ದ ಹೆಸರುಕಾಳಿನ ಬೆಳೆಗೆ. ಅದರ ಕಾಯಿ ಬಿಡಿಸಿಕೊಂಡು, ಸೊಪ್ಪನ್ನು ಮಣ್ಣಿಗೇ ಸೇರಿಸಿ, ಮೇಲೆ ಮೇಲೆ ಕುಂಟೆ ಹೊಡೆದು ಹಸಿ ಹಿಡಿದಿಟ್ಟೆ. ಜೋಳ ಉಂಡದ್ದು ಅದನ್ನೇ.

ಯುಗಾದಿಗೆ ಈ ಹೊಲ ಮತ್ತೆ ಹರಾಜಿಗೆ ಬರುತ್ತದೆ. ದಾನಿಗಳು ಶಾಲೆಗೆ ಬಿಟ್ಟುಕೊಟ್ಟಾಗಿನಿಂದ ಇದೇ ಪದ್ಧತಿ, ವರ್ಷಕ್ಕೊಬ್ಬರಿಗೆ ಲಾವಣಿ, ಅಂದರೆ ಗುತ್ತಿಗೆ. ಒಂದೇ ವರ್ಷಕ್ಕೆ ಹಿಡಿದವನು ತಿಪ್ಪೆಗೊಬ್ಬರ ಹಾಕುತ್ತಾನೆಯೇ? ಅದರ ಪೂರ್ತಿ ಫಲ ಮುಂದಿನ ವರ್ಷಕ್ಕೆ, ಅಂದರೆ ಇನ್ನೊಬ್ಬನಿಗೆ. ಬೆಳೆ ಬದಲಿಸುತ್ತಾನೆಯೇ? ಜೋಳದ ಮೇಲೆ ಕಡಲೆ, ಕಡಲೆಯ ಮೇಲೆ ಕುಸುಬಿ ಎನ್ನಲು ಅವನಿಗೆ ಮುಂದಿನ ವರ್ಷವೇ ಇಲ್ಲ. ಚೀಲದ ಗೊಬ್ಬರ ಸುರಿಯುತ್ತಾನೆ, ಬಂದಷ್ಟು ಬಾಚಿಕೊಳ್ಳುತ್ತಾನೆ, ಹೋಗುತ್ತಾನೆ. ಬಾಡಿಗೆ ಎತ್ತೆಂದು ಬಡಿದು ಬಡಿದು ಹೂಡಿದನಂತೆ, ಆ ಗಾದೆಯ ಹಾಗೆ.

ಮನೆಯ ಮಾತನ್ನು ಇಲ್ಲಿ ಆಡಬಾರದು. ಆಡುವುದೂ ಇಲ್ಲ. ಇದೊಂದನ್ನು ಮಾತ್ರ ಹೇಳುತ್ತೇನೆ. ನಾನು ಮದುವೆಯಾಗಿ ಬಂದಾಗ ನಮ್ಮ ಅತ್ತೆ ಸಿದ್ದಲಿಂಗವ್ವನವರು ಹಳ್ಳದ ದಂಡೆಯ ಹೊಲ ತೋರಿಸಿ, ಅದನ್ನು ಹದಕ್ಕೆ ತರುವುದು ನಿನ್ನ ಕೆಲಸ ಎಂದಿದ್ದರು. ವರ್ಷಗಟ್ಟಲೆ ಗೊಬ್ಬರ ಹೊತ್ತೆ. ಕಾಲಿಟ್ಟರೆ ಹಿಟ್ಟಿನ ಹಾಗೆ ಮೆತ್ತಗಾಗಿತ್ತು. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಂಡ ವಾಟ್ನಿಯಲ್ಲಿ ಚೀಟಿ ಎತ್ತಿದಾಗ ಅದು ಭಾವನವರ ಪಾಲಿಗೆ ಹೋಯಿತು. ಯಾರದೂ ತಪ್ಪಿಲ್ಲ. ಆ ಬೇಸಿಗೆಯಲ್ಲೇ ಅವರು ಟ್ರ್ಯಾಕ್ಟರ್ ತಂದು ಆಳವಾಗಿ ನೇಗಿಲು ಹೊಡೆಸಿದರು. ತಲೆಗಾತ್ರದ ಮಣ್ಣಿನ ಹೆಂಟೆ ಎದ್ದವು. ಅವರ ಹೊಲ, ಅವರಿಷ್ಟ. ನಾನೇನೂ ಅತ್ತಿಲ್ಲ. ಹಳ್ಳದ ದಾರಿ ಬಿಟ್ಟು ಸುತ್ತು ಹಾಕಿ ಹೋಗುತ್ತೇನೆ, ಅಷ್ಟೇ. ಇವತ್ತಿಗೂ.

ಅವತ್ತು ಅತ್ತೆಯವರು ಬದುವಿನ ಮೇಲೆ ಕೂತು ಒಂದು ಹೆಂಟೆಯನ್ನು ಕೈಯಲ್ಲೇ ಪುಡಿ ಮಾಡುತ್ತಿದ್ದರು. "ಅದು ಇನ್ನ ನಮ್ಮ ಪಾಲಿಂದಲ್ಲ, ಬಿಡ್ರಿ ಅತ್ತಿ" ಎಂದೆ. ಅವರು ತಲೆ ಎತ್ತಲಿಲ್ಲ.

"ವಾಟ್ನಿ ಆಗಿದ್ದು ನಮಗ ಗೊತ್ತೈತಿ. ಹೊಲಕ್ಕೇನ ಗೊತ್ತವ್ವಾ?" ಎಂದರು.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಮುಗಿಸುತ್ತೇನೆ. ಶಾಲೆಯ ಹೊಲವನ್ನು ಇನ್ನು ಮೇಲೆ ಮೂರು ವರ್ಷಕ್ಕೆ ಲಾವಣಿಗೆ ಕೊಡಿ. ಅದು ನನಗೇ ಸಿಗಬೇಕೆಂಬ ಆಸೆ ನನಗಿದೆ, ಮುಚ್ಚುಮರೆ ಏಕೆ? ಆದರೆ ಹರಾಜಿನಲ್ಲಿ ಇನ್ನೊಬ್ಬರು ಗೆದ್ದರೆ ಅವರಿಗೂ ಮೂರು ವರ್ಷವೇ ಕೊಡಿ. ಈ ಮಾತನ್ನು ನೀವು ಒಪ್ಪುವವರೆಗೆ ಪ್ರತಿ ವಾರ್ಷಿಕೋತ್ಸವಕ್ಕೂ ಬರುತ್ತೇನೆ, ಕರೆಯದಿದ್ದರೂ ಬರುತ್ತೇನೆ.

ಜೋಳ ಕಿತ್ತ ಆ ಹೊಲಕ್ಕೆ ನಮ್ಮ ತಿಪ್ಪೆಯ ಗೊಬ್ಬರವನ್ನು ನಿನ್ನೆಯೇ ಹಾಕಿಸಿದ್ದೇನೆ. ಹರಾಜು ಇನ್ನೂ ಆಗಿಲ್ಲವಲ್ಲ ಎಂದು ಗಾಡಿ ಹೊಡೆಯುವ ಯಮನೂರ ಕೇಳಿದ. ಹೊಲಕ್ಕೇನು ಗೊತ್ತು ಎಂದೆ. ಯಾರೇ ಹಿಡಿಯಲಿ, ಕುಂಟೆ ಹೊಡೆಯಿರಿ, ಆಳಕ್ಕೆ ಹೋಗಬೇಡಿ.

ತಿಪ್ಪೆಯಲ್ಲಿ ಒಂದು ಗಾಡಿ ಗೊಬ್ಬರ ಉಳಿಸಿದ್ದೇನೆ. ಭಾವನವರೇ, ನೀವು ಹೂಂ ಎಂದರೆ ನಾಳೆ ಅದನ್ನು ಹೇರಿಕೊಂಡು ಹಳ್ಳದ ದಾರಿಯಲ್ಲೇ ಬರುತ್ತೇನೆ.

ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರ ತಾಳ್ಮೆಗೆ ವಂದನೆಗಳು. ನಮಸ್ಕಾರ.